ಗೋಡೆ ನಿಮ್ಮದೇ, ಬೋರ್ಡ್ ಹಾಕೋಕೆ ಯಾರ ಒಪ್ಪಿಗೆ ಬೇಕು?

ಪ್ರಶ್ನೆ: ನಮ್ಮದು ಮೈಸೂರು. ಮೂಲೆ ಮನೆ, ರಸ್ತೆ ಉದ್ದಕ್ಕೂ ಕಾಂಪೌಂಡ್ ಗೋಡೆ ಇದೆ, ಎದುರಿಗೆ ಸರ್ಕಾರಿ ಶಾಲೆ. ಅಪ್ಪ ತೆಗೆದಿಟ್ಟಿದ್ದ 30×40 ಸೈಟ್ ಒಂದು ಬೇರೆ ಬಡಾವಣೆಯಲ್ಲಿದೆ. ಅದನ್ನು ಮಾರಲು ಸೈಟ್ ಒಳಗೆ ಬೋರ್ಡ್ ನಿಲ್ಲಿಸಿದ್ದೇವೆ. ನಮ್ಮ ಬ್ರೋಕರ್ ಬಡಾವಣೆಯ ಎಂಟ್ರೆನ್ಸ್‌ನಲ್ಲಿ ಲೈಟ್ ಕಂಬಕ್ಕೂ ಮರಕ್ಕೂ ನನ್ನ ಫೋನ್ ನಂಬರ್ ಬರೆದ ತಗಡು ಹೊಡೆಸಿದ್ದರು. ಪಾಲಿಕೆಯವರು ಅದನ್ನು ಕಿತ್ತುಹಾಕಿ, ಕೇಸ್ ಆಗುತ್ತೆ ಎಂದು ನನಗೆ ಫೋನ್ ಮಾಡಿದರು. ಸೈಟ್ ಒಳಗಿನ ಬೋರ್ಡ್ ಕೂಡ ತಪ್ಪಾ? ಅದರ ಮೇಲೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಬೇಕು ಎಂದು ಒಬ್ಬರು ಹೆದರಿಸಿದ್ದಾರೆ. ಇನ್ನೊಂದು ವಿಷಯ. ಕಳೆದ ಚುನಾವಣೆಯಲ್ಲಿ ಒಂದು ಪಕ್ಷದ ಹುಡುಗರು ಕೇಳದೇ ನಮ್ಮ ಗೋಡೆ ಮೇಲೆ ಚಿಹ್ನೆ ಬರೆದು ಹೋದರು. ಈಗ ಮತ್ತೊಂದು ಪಕ್ಷದವರು ಬ್ಯಾನರ್ ಕಟ್ಟುತ್ತೇವೆ ಅಂತಿದ್ದಾರೆ. ಬೇಡ ಅನ್ನಬಹುದಾ? ನನ್ನ ಸ್ನೇಹಿತರೇ ಚುನಾವಣೆಗೆ ನಿಂತರೆ ನಾನು ಅವರಿಗಾಗಿ ಬೋರ್ಡ್ ಹಾಕಬಹುದಾ? ಮೇಲಿನ ಮನೆಯ ಬಾಡಿಗೆದಾರರಿಗೂ ಬಾವುಟ ಕಟ್ಟುವ ಆಸೆ ಇದೆ.

ಉತ್ತರ: ನೀವು ಸೈಟ್ ಬೋರ್ಡನ್ನೂ ಪಾರ್ಟಿ ಬ್ಯಾನರನ್ನೂ ಎರಡು ಬೇರೆ ತೊಂದರೆ ಎಂದು ಬರೆದಿದ್ದೀರಿ. ಪಾಲಿಕೆ ನೋಡುವ ರೀತಿಯಲ್ಲಿ ಎರಡೂ ಒಂದೇ, ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವ ಜಾಹೀರಾತು. ಎರಡಕ್ಕೂ ಮೊದಲು ಕೇಳಬೇಕಾದ್ದೂ ಒಂದೇ: ಅದು ನಿಂತಿರುವ ಜಾಗ ಯಾರದ್ದು, ಆ ಜಾಗದವರು ಬರೆದು ಒಪ್ಪಿಗೆ ಕೊಟ್ಟಿದ್ದಾರಾ? ಈ ಕಾನೂನುಗಳಲ್ಲಿ ಮನೆ ಮಾಲೀಕರ ಸಹಿಗೆ ಎಷ್ಟು ಬೆಲೆ ಇದೆ ಅನ್ನೋದು ನಮ್ಮ ಜನಕ್ಕೆ ಗೊತ್ತೇ ಇಲ್ಲ. ಅದು ಗೊತ್ತಾದರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಬಿಡ್ತೀನಿ. "ಜಾಗ ನಂದು, ಗೋಡೆ ನಂದು, ಏನು ಬೇಕಾದರೂ ಹಾಕ್ತೀನಿ" ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಕರ್ನಾಟಕದಲ್ಲಿ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ. ಸಾರ್ವಜನಿಕರಿಗೆ ಕಾಣುವ ಸ್ಥಳ ಎಂದು ಅದು ಹೇಳುವಾಗ ರಸ್ತೆ, ಪಾರ್ಕು, ಸರ್ಕಾರಿ ಕಟ್ಟಡ ಮಾತ್ರ ಅಲ್ಲ, ದಾರಿಯಲ್ಲಿ ಹೋಗುವವರಿಗೆ ಕಾಣುವ ಖಾಸಗಿ ಜಾಗ, ಗೋಡೆ, ಬೇಲಿ, ಕಂಬ, ಮರ ಎಲ್ಲವೂ ಅದರೊಳಗೆ ಬರುತ್ತವೆ. ಅಂಥ ಕಡೆ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಜಾಹೀರಾತು ಅಂಟಿಸಿದರೆ, ಬರೆದರೆ, ನಿಲ್ಲಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿಯಂಥ ದೊಡ್ಡ ಊರುಗಳಲ್ಲಿ ಇದು ಮೊದಲಿಂದಲೂ ಜಾರಿಯಲ್ಲಿದೆ. ಸಾವಿರ ರೂಪಾಯಿ ದಂಡ ಇವತ್ತಿಗೆ ಏನೂ ಅಲ್ಲ, ಒಂದು ದೊಡ್ಡ ಬ್ಯಾನರ್ ಪ್ರಿಂಟ್ ಹಾಕಿಸುವ ದುಡ್ಡೂ ಅಲ್ಲ, ಇಷ್ಟು ವರ್ಷ ಆದಮೇಲೂ ಅದನ್ನು ಹೆಚ್ಚಿಸದೆ ಬಿಟ್ಟಿರುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ನೀವು ದಂಡದ ಲೆಕ್ಕ ಹಾಕಬೇಡಿ. ಕೇಸ್ ಆದರೆ ಕೋರ್ಟಿಗೆ ಅಲೆಯಬೇಕು, ಸೈಟ್ ಮಾರುವ ಹೊತ್ತಿನಲ್ಲಿ ಅದು ಯಾರಿಗೂ ಬೇಡ.

ಹಾಗಾದರೆ ಸೈಟಿನೊಳಗೆ ನಿಲ್ಲಿಸಿದ ಬೋರ್ಡ್? ಅದಕ್ಕೆ ತೆರಿಗೆಯ ಭಯ ಬೇಡ, ಅನುಮತಿ ಬೇಕಾ ಅಂತ ಮಾತ್ರ ಪಾಲಿಕೆಯ ವಲಯ ಕಚೇರಿಯಲ್ಲಿ ಕೇಳಿಕೊಳ್ಳಿ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲಿ ಜಾಹೀರಾತು ತೆರಿಗೆಗೆ 134ನೇ ಸೆಕ್ಷನ್ ಇದೆ. ಯಾವುದಕ್ಕೆ ತೆರಿಗೆ ಇಲ್ಲ ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಒಂದು ಜಾಗವನ್ನೋ ಕಟ್ಟಡವನ್ನೋ ಮಾರುವುದಕ್ಕೆ, ಬಾಡಿಗೆಗೆ ಕೊಡುವುದಕ್ಕೆ ಅದೇ ಜಾಗದ ಮೇಲೆ ಹಾಕಿದ ಬೋರ್ಡ್ ಆ ವಿನಾಯಿತಿಯಲ್ಲಿದೆ. "ಮನೆ ಬಾಡಿಗೆಗಿದೆ" ಎಂದು ಗೇಟಿಗೆ ನೇತುಹಾಕುವ ರಟ್ಟು, ಸೈಟ್ ಒಳಗೆ ನಿಲ್ಲಿಸುವ "ಮಾರಾಟಕ್ಕಿದೆ" ತಗಡು, ಎರಡೂ ಇದರಲ್ಲಿ ಬರುತ್ತವೆ. ಕಾಯ್ದೆ ಬರೆದವರಿಗೆ ಮನೆ ಮಾರುವವರ ಕಷ್ಟ ಗೊತ್ತಿತ್ತು. ಛಾವಣಿ ಮೇಲೆ ಆಕಾಶಕ್ಕೆ ಎದ್ದು ನಿಲ್ಲುವ ಫಲಕಕ್ಕೆ ಮಾತ್ರ ಈ ವಿನಾಯಿತಿ ಇಲ್ಲ.

ಇಲ್ಲಿ ಮುಖ್ಯ ಆಗೋದು "ಅದೇ ಜಾಗದ ಮೇಲೆ" ಅನ್ನುವ ಮಾತು. ನಿಮ್ಮ ಬ್ರೋಕರ್ ಎಡವಿದ್ದು ಅಲ್ಲೇ. ಬೋರ್ಡ್ ನಿಮ್ಮ ಸೈಟ್ ಬಿಟ್ಟು ಬಡಾವಣೆಯ ಎಂಟ್ರೆನ್ಸ್‌ಗೆ ಹೋದ ಕೂಡಲೇ ವಿನಾಯಿತಿ ಹೋಯಿತು, ಅದು ಸಾಮಾನ್ಯ ಜಾಹೀರಾತು ಆಯಿತು. ಜೊತೆಗೆ ಅವರು ಹೊಡೆಸಿದ ಎರಡು ಜಾಗವೂ ಬೇರೆಯವರದ್ದು. ಕಂಬ ವಿದ್ಯುತ್ ಕಂಪನಿಯದ್ದು, ನಿಮ್ಮ ಕಡೆ ಅಂದರೆ ಸೆಸ್ಕ್‌ನದ್ದು. ಮರದ ವಿಷಯ ಇನ್ನೂ ಗಂಭೀರ. ರಾಜ್ಯದ ಮರ ಸಂರಕ್ಷಣಾ ಕಾಯ್ದೆ, ಅದೂ 1976ರದ್ದೇ, ಮರಕ್ಕೆ ಹಾನಿ ಮಾಡುವುದನ್ನೂ ಕಡಿಯುವುದರ ಸಾಲಿಗೇ ಸೇರಿಸಿದೆ. ಮೊಳೆ ಹೊಡೆದ ಕಡೆ ತೊಗಟೆ ಸೀಳುತ್ತದೆ, ನೀರು ಇಳಿಯುತ್ತದೆ, ಹುಳ ಸೇರುತ್ತದೆ. ಒಂದು ಮೊಳೆಗೆ ಮರ ಸಾಯೋದಿಲ್ಲ, ನಿಜ. ಆದರೆ ನಮ್ಮ ಊರುಗಳಲ್ಲಿ ಒಂದು ಮರಕ್ಕೆ ಒಂದೇ ಮೊಳೆ ಇರೋದು ಎಲ್ಲಿ? ಪಿಜಿ, ಟ್ಯೂಷನ್, ಪ್ಯಾಕರ್ಸ್, ಸೈಟ್, ಎಲ್ಲರದ್ದೂ ಅದೇ ಮರಕ್ಕೆ. ದಯವಿಟ್ಟು ಮರಕ್ಕೆ ಯಾವತ್ತೂ ಹೊಡೆಸಬೇಡಿ.

"ಹೊಡೆಸಿದ್ದು ಬ್ರೋಕರ್, ನನಗೆ ಯಾಕೆ ಫೋನು" ಅಂತ ನಿಮಗೆ ಅನ್ನಿಸಿರಬಹುದು. 1981ರ ಕಾಯ್ದೆ ಸ್ವತಃ ಹಾಕಿದವರನ್ನೂ ಹಿಡಿಯುತ್ತದೆ, ಬೇರೆಯವರಿಂದ ಹಾಕಿಸಿದವರನ್ನೂ ಹಿಡಿಯುತ್ತದೆ. ತಗಡಿನ ಮೇಲೆ ಇರುವುದು ನಿಮ್ಮ ನಂಬರ್. ಹಾಗಾಗಿ ನಾಳೆಯೇ ಎರಡು ಕೆಲಸ ಮಾಡಿ. ಬ್ರೋಕರಿಗೆ ವಾಟ್ಸಾಪ್‌ನಲ್ಲಾದರೂ ಸರಿ, ಬರಹದಲ್ಲಿ ಕಳಿಸಿ: ನನ್ನ ಒಪ್ಪಿಗೆ ಇಲ್ಲದೆ ರಸ್ತೆ, ಕಂಬ, ಮರಕ್ಕೆ ಹಾಕಿದ ಬೋರ್ಡ್ ಎಲ್ಲಾ ತೆಗೆಸಿ, ಮುಂದೆ ಹಾಕಬೇಡಿ. ಆಮೇಲೆ ಅದರ ಪ್ರತಿ ಇಟ್ಟು ಪಾಲಿಕೆಯ ವಲಯ ಕಚೇರಿಗೆ ಒಂದು ಪುಟದ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಜಗಳಕ್ಕೆ ಹೋಗಬೇಡಿ, ಅವರು ಕಿತ್ತಿದ್ದು ಸರಿಯಾಗಿಯೇ ಇದೆ. ಈ ಪತ್ರ ಯಾಕೆ ಮುಖ್ಯ ಅಂತ ಗೋಡೆ ವಿಷಯಕ್ಕೆ ಬಂದಾಗ ಹೇಳ್ತೀನಿ.

ಸೈಟಿನ ಬೋರ್ಡ್ ಹೇಗಿರಬೇಕು ಅಂದರೆ, ಚಿಕ್ಕದಾಗಿರಲಿ, ಗಡಿಯ ಒಳಗೆ ನಿಲ್ಲಲಿ. ಕಂಬ ನೆಡುವಾಗ ಚರಂಡಿ ಆಚೆಗೋ ಫುಟ್‌ಪಾತ್ ಮೇಲೋ ಹೋಗಬಾರದು. ಮೂಲೆ ಸೈಟ್ ಆದರೆ ತಿರುವಿನಲ್ಲಿ ಬರುವ ಗಾಡಿಯವರಿಗೆ ಅಡ್ಡ ಆಗದಂತೆ ಹಿಂದಕ್ಕೆ ನಿಲ್ಲಿಸಿ. ಫ್ಲೆಕ್ಸ್ ಬೇಡವೇ ಬೇಡ, ತಗಡಿಗೆ ಬಣ್ಣ ಬರೆಸಿ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆಗೆ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್, ಬಂಟಿಂಗ್, ಬಾವುಟಗಳನ್ನೂ ನಿಷೇಧಿಸಿತು. ಅದರ ಮೇಲೆ 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗೆ ದೇಶಕ್ಕೇ ನಿಷೇಧ ಬಂತು. ಅಂದರೆ ಜಾಗ ನಿಮ್ಮದು, ಅನುಮತಿಯೂ ಇದೆ ಅಂದರೂ ಫ್ಲೆಕ್ಸ್ ಆಗಿದ್ದರೆ ಅದೇ ಒಂದು ತಪ್ಪು. ಪ್ರಿಂಟ್ ಅಂಗಡಿಯವರು ಇದನ್ನು ಹೇಳೋದಿಲ್ಲ.

ಬೋರ್ಡಿನ ಮೇಲೆ ಬರೆಯೋದರ ಬಗ್ಗೆಯೂ ಜೋಪಾನ. ಅಳತೆ, ದಿಕ್ಕು, "ಮಾಲೀಕರೇ ಮಾರುತ್ತಿದ್ದಾರೆ", ಒಂದು ಫೋನ್ ನಂಬರ್, ಇಷ್ಟು ಸಾಕು. ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ, ಎ ಖಾತಾ, ಇ-ಖಾತಾ ಅಂತೆಲ್ಲ ಬರೆಯುವುದಾದರೆ ಆ ಕಾಗದ ನಿಮ್ಮ ಕೈಯಲ್ಲಿರಬೇಕು. ಸುಮ್ನೆ ಬರೆದು, ಆಮೇಲೆ ಕೊಳ್ಳುವವರು ವಕೀಲರ ಹತ್ತಿರ ದಾಖಲೆ ತೋರಿಸಿದಾಗ ಬಣ್ಣ ಬಯಲಾದರೆ ಮಾತುಕತೆ ಮುರಿಯುತ್ತದೆ. ಇನ್ನೊಂದು, ನಿಮ್ಮ ಪೂರ್ತಿ ಹೆಸರು, ಸೈಟ್ ನಂಬರ್, ಖಾತಾ ನಂಬರ್ ಎಲ್ಲವನ್ನೂ ಬೋರ್ಡಿನ ಮೇಲೆ ಹಾಕಬೇಡಿ. ನಕಲಿ ದಾಖಲೆ ಸೃಷ್ಟಿಸಿ ಖಾಲಿ ಸೈಟ್ ಮಾರುವವರಿಗೆ ಅದು ಅನುಕೂಲ. ಬೆಂಗಳೂರಿನಲ್ಲಿ "ಈ ಸ್ವತ್ತು ಮಾರಾಟಕ್ಕಿಲ್ಲ" ಅಂತ ಮಾಲೀಕರು ಬೋರ್ಡ್ ಹಾಕಿಕೊಳ್ಳುವ ಸ್ಥಿತಿ ಬಂದಿರೋದೇ ಈ ವಂಚನೆಗಳಿಂದ.

ಈಗ ರೇರಾ. ನಿಮ್ಮನ್ನು ಹೆದರಿಸಿದವರು ಅರ್ಧ ಕೇಳಿಸಿಕೊಂಡಿದ್ದಾರೆ. 2016ರ ರೇರಾ ಕಾಯ್ದೆ ಪ್ರಾಜೆಕ್ಟ್‌ಗಳಿಗೆ ಸಂಬಂಧಿಸಿದ್ದು. ಜಮೀನು ಅಭಿವೃದ್ಧಿ ಮಾಡಿ ಸೈಟ್ ಹಂಚುವವರು, ಅಪಾರ್ಟ್‌ಮೆಂಟ್ ಕಟ್ಟಿ ಮಾರುವವರು ನೋಂದಣಿ ಆಗುವ ಮೊದಲು ಜಾಹೀರಾತನ್ನೇ ಹಾಕುವಂತಿಲ್ಲ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಎಂಟಕ್ಕಿಂತ ಹೆಚ್ಚು ಫ್ಲಾಟ್ ಇಲ್ಲದಿದ್ದರೆ ನೋಂದಣಿ ಬೇಕಿಲ್ಲ. ನಿಮ್ಮ 30×40 ಅಂದರೆ 1200 ಚದರ ಅಡಿ, ಸುಮಾರು 111 ಚದರ ಮೀಟರ್. ಅದಕ್ಕಿಂತ ಮುಖ್ಯವಾಗಿ ನೀವು ಡೆವಲಪರ್ ಅಲ್ಲ, ಅಪ್ಪನಿಂದ ಬಂದ ಒಂದು ಸೈಟ್ ಮಾರುತ್ತಿರುವ ಮಾಲೀಕರು. ನಿಮ್ಮ ಬೋರ್ಡಿಗೆ ರೇರಾ ನಂಬರ್ ಬೇಕಿಲ್ಲ.

ಆದರೆ ಬೇರೆಯವರ ಬೋರ್ಡ್ ಓದುವಾಗ ಈ ನಿಯಮ ನಿಮಗೆ ಉಪಯೋಗಕ್ಕೆ ಬರುತ್ತೆ. ಸೈಟ್ ಮಾರಿದ ದುಡ್ಡಲ್ಲಿ ಊರಾಚೆ ಹೊಸ ಲೇಔಟ್ ನೋಡಲು ಹೋದಿರಿ ಅಂತಿಟ್ಟುಕೊಳ್ಳಿ. ಅಲ್ಲಿಯ ಕಮಾನಿನ ಮೇಲೆ, ರಸ್ತೆ ಬದಿಯ ಬೋರ್ಡಿನ ಮೇಲೆ ರೇರಾ ನೋಂದಣಿ ಸಂಖ್ಯೆಯೂ ರೇರಾ ಪ್ರಾಧಿಕಾರದ ವೆಬ್‌ಸೈಟ್ ವಿಳಾಸವೂ ಎದ್ದು ಕಾಣುವಂತೆ ಇರಲೇಬೇಕು. ನಮ್ಮ ರಾಜ್ಯದಲ್ಲಿ ಆ ಸಂಖ್ಯೆ ಪಿಆರ್‌ಎಂ, ಕೆಎ, ರೇರಾ ಅನ್ನುವ ಅಕ್ಷರಗಳಿಂದ ಶುರುವಾಗುತ್ತದೆ. ಬರೀ "ರೇರಾ ಅಪ್ರೂವ್ಡ್" ಅಂತ ಬರೆದು ಸಂಖ್ಯೆ ಇಲ್ಲದಿದ್ದರೆ, "ಪ್ರೀ ಲಾಂಚ್ ಆಫರ್" ಅಂತಿದ್ದರೆ, ಅಲ್ಲಿಂದ ವಾಪಸ್ ಬನ್ನಿ. ನೋಂದಣಿ ಇಲ್ಲದೆ ಜಾಹೀರಾತು ಹಾಕಿದ ಪ್ರಮೋಟರ್‌ಗೆ ಪ್ರಾಜೆಕ್ಟ್ ಅಂದಾಜು ವೆಚ್ಚದ ಶೇಕಡ 10ರವರೆಗೆ ದಂಡ ಬೀಳಬಹುದು. ಜಾಹೀರಾತಿನಲ್ಲಿರುವ ಸುಳ್ಳು ನಂಬಿ ಮುಂಗಡ ಕೊಟ್ಟು ನಷ್ಟ ಆದರೆ ಪರಿಹಾರ ಕೇಳುವ ಹಕ್ಕು 12ನೇ ಸೆಕ್ಷನ್‌ನಲ್ಲಿದೆ. ಹಾಗಾಗಿ ಅಂಥ ಬೋರ್ಡ್ ಕಂಡರೆ ಫೋಟೋ ತೆಗೆದು ಇಟ್ಟುಕೊಳ್ಳಿ.

ಇನ್ನು ಗೋಡೆ. ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಹೌದು, ಬೇಡ ಅನ್ನಬಹುದು. ಕಾರಣ ಕೊಡಬೇಕಿಲ್ಲ. ಇದು ಅವರ ಮೇಲೆ ನೀವು ಮಾಡುವ ದಬ್ಬಾಳಿಕೆಯೂ ಅಲ್ಲ, ಅವರು ನಿಮಗೆ ಕೊಡುವ ರಿಯಾಯಿತಿಯೂ ಅಲ್ಲ. ಚುನಾವಣಾ ನೀತಿ ಸಂಹಿತೆಯಲ್ಲೇ ಇದೆ, ಮಾಲೀಕರ ಅನುಮತಿ ಇಲ್ಲದೆ ಅವರ ಜಾಗ, ಕಟ್ಟಡ, ಕಾಂಪೌಂಡ್ ಗೋಡೆಯ ಮೇಲೆ ಬಾವುಟ ಕಟ್ಟಲು, ಬ್ಯಾನರ್ ಹಾಕಲು, ನೋಟಿಸ್ ಅಂಟಿಸಲು, ಘೋಷಣೆ ಬರೆಯಲು ಯಾವ ಪಕ್ಷವೂ ತನ್ನ ಕಾರ್ಯಕರ್ತರನ್ನು ಬಿಡಬಾರದು. ಆ ಅನುಮತಿಯೂ ಸ್ವಂತ ಇಚ್ಛೆಯಿಂದ ಕೊಟ್ಟಿದ್ದಾಗಿರಬೇಕು, ಒತ್ತಡದಿಂದ, ಬೆದರಿಕೆಯಿಂದ ಪಡೆದಿದ್ದಾಗಬಾರದು ಎಂದು ಚುನಾವಣಾ ಆಯೋಗದ ಸೂಚನೆ ಬಿಡಿಸಿ ಹೇಳಿದೆ. ಏರಿಯಾದವರೇ, ದಿನಾ ಮುಖ ನೋಡಬೇಕು, ಬೇಡ ಅಂದರೆ ಏನಂದುಕೊಳ್ಳುತ್ತಾರೋ ಅನ್ನುವ ಮುಜುಗರ ನನಗೆ ಅರ್ಥವಾಗುತ್ತೆ. ಅದಕ್ಕೆ ಒಂದು ದಾರಿ ಇದೆ. ಎಲ್ಲಾ ಪಕ್ಷದವರಿಗೂ ಒಂದೇ ಉತ್ತರ ಕೊಡಿ: "ನಮ್ಮ ಗೋಡೆ ಮೇಲೆ ಯಾರದ್ದೂ ಹಾಕಿಸೋದಿಲ್ಲ ಸ್ವಾಮಿ, ನಿಮಗೆ ಅಂತ ಅಲ್ಲ." ಒಬ್ಬರಿಗೆ ಹೂಂ ಅಂದು ಇನ್ನೊಬ್ಬರಿಗೆ ಊಹೂಂ ಅಂದಾಗ ಮನಸ್ತಾಪ ಶುರುವಾಗೋದು.

ಕೇಳದೇ ಬರೆದು ಹೋದ ಚಿಹ್ನೆ ಬಗ್ಗೆ ನೀವು ಸುಮ್ಮನಿದ್ದಿರಿ ಅನ್ನಿಸುತ್ತೆ. ಮುಂದೆ ಹಾಗೆ ಸುಮ್ಮನಿರಬೇಡಿ. ಯಾಕೆ ಗೊತ್ತಾ? ಪಾಲಿಕೆ ಕಾಯ್ದೆಯಲ್ಲಿ ಒಂದು ಮಾತಿದೆ. ನಿಯಮ ಮೀರಿದ ಜಾಹೀರಾತು ಯಾವ ಜಾಗದ, ಯಾವ ಕಟ್ಟಡದ ಮೇಲಿದೆಯೋ ಆ ಜಾಗದ ಮಾಲೀಕರು ಅಥವಾ ಅಲ್ಲಿರುವವರೇ ಅದನ್ನು ಹಾಕಿದ್ದಾರೆ ಎಂದು ಮೊದಲು ಭಾವಿಸಲಾಗುತ್ತದೆ. ತನ್ನ ಕೆಲಸದವರು ಮಾಡಿದ್ದಲ್ಲ, ತನ್ನ ಹಿಡಿತದಲ್ಲಿರುವವರು ಮಾಡಿದ್ದಲ್ಲ, ತಾನು ಕಣ್ಣುಮುಚ್ಚಿ ಬಿಟ್ಟಿದ್ದೂ ಅಲ್ಲ ಎಂದು ತೋರಿಸುವ ಹೊಣೆ ಅವರದ್ದೇ. ಬ್ರೋಕರ್ ವಿಷಯದಲ್ಲಿ ಪತ್ರ ಕೊಟ್ಟು ಸೀಲು ಹಾಕಿಸಿಕೊಳ್ಳಿ ಅಂದಿದ್ದರ ಹಿಂದೆ ಇದೇ ಯೋಚನೆ ಇದೆ. ಕಂಬವೂ ಮರವೂ ನಿಮ್ಮದಲ್ಲ, ಆದರೆ ನಂಬರ್ ನಿಮ್ಮದು. ಇಲ್ಲಿ ಗೋಡೆಯೇ ನಿಮ್ಮದು, ಇನ್ನೂ ಹೆಚ್ಚು ಎಚ್ಚರ ಬೇಕು. ಬೆಳಗ್ಗೆ ಎದ್ದಾಗ ಗೋಡೆ ಮೇಲೆ ಏನಾದರೂ ಕಂಡರೆ ಅವತ್ತೇ ಫೋಟೋ, ಅವತ್ತೇ ವಲಯ ಕಚೇರಿಗೆ ದೂರು. ಆಮೇಲೆ ಬಣ್ಣ ಹೊಡೆಯಿರಿ. ಫೋಟೋ ತೆಗೆಯದೇ ಬಣ್ಣ ಹೊಡೆದರೆ ಸಾಕ್ಷಿಯೂ ಹೋಯಿತು. ಗೋಡೆಗೆ ಬಣ್ಣ ಹೊಡೆಸುವ ಖರ್ಚು ಜಾಸ್ತಿ ಆದರೆ ಪೊಲೀಸ್ ಠಾಣೆಗೂ ದೂರು ಕೊಡಬಹುದು, ಬೇರೆಯವರ ಆಸ್ತಿ ಹಾಳು ಮಾಡುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆಯೇ ಅಪರಾಧ.

ಚುನಾವಣೆ ಘೋಷಣೆ ಆದ ಮೇಲೆ ದೂರಿಗೆ ಬಲ ಜಾಸ್ತಿ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಭಾರತ ಚುನಾವಣಾ ಆಯೋಗದ ಲೆಕ್ಕ ಹೀಗಿದೆ. ಘೋಷಣೆ ಆದ 24 ಗಂಟೆಯೊಳಗೆ ಸರ್ಕಾರಿ ಕಟ್ಟಡಗಳ ಮೇಲಿನ ಬರಹ, ಪೋಸ್ಟರ್ ಹೋಗಬೇಕು. 48 ಗಂಟೆಯೊಳಗೆ ಬಸ್ ಸ್ಟ್ಯಾಂಡ್, ರಸ್ತೆ, ಸೇತುವೆ, ಕಂಬಗಳಂಥ ಸಾರ್ವಜನಿಕ ಜಾಗದ್ದು. 72 ಗಂಟೆಯೊಳಗೆ ಖಾಸಗಿ ಜಾಗದಲ್ಲಿ ಅನುಮತಿ ಇಲ್ಲದೆ ಹಾಕಿದ್ದು. ನಿಮ್ಮ ಗೋಡೆ ಮೂರನೆಯದಕ್ಕೆ ಸೇರಿದ್ದು. ಆಯೋಗದ ದೂರು ಆ್ಯಪ್ ಆದ ಸಿ-ವಿಜಿಲ್‌ನಲ್ಲಿ ಸ್ಥಳದಿಂದಲೇ ಫೋಟೋ ಹಾಕಿದರೆ 100 ನಿಮಿಷದೊಳಗೆ ಕ್ರಮ ಆಗಬೇಕು ಅನ್ನುವುದು ಆ ವ್ಯವಸ್ಥೆಯ ಗುರಿ. ಪಾಲಿಕೆ ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗ, ಅದು ತನ್ನದೇ ನೀತಿ ಸಂಹಿತೆ ಹೊರಡಿಸುತ್ತದೆ, ಹಾಗಾಗಿ ಆ ಸಮಯದಲ್ಲಿ ನಿಮ್ಮ ವಾರ್ಡಿನ ಚುನಾವಣಾಧಿಕಾರಿ ಯಾರು ಅಂತ ವಲಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ, ದೂರು ಅಲ್ಲಿಗೆ.

ಒಂದು ವೇಳೆ ನೀವು ಒಪ್ಪಿಗೆ ಕೊಡೋದಾದರೆ? ಆಗಲೂ ಬಾಯಿ ಮಾತು ಬೇಡ. ಆಯೋಗದ ಸೂಚನೆ ಪ್ರಕಾರ ಮಾಲೀಕರ ಲಿಖಿತ ಒಪ್ಪಿಗೆಯ ಪ್ರತಿಯನ್ನು ಅಭ್ಯರ್ಥಿ ಮೂರು ದಿನದೊಳಗೆ ಚುನಾವಣಾಧಿಕಾರಿಗೆ ಕೊಡಬೇಕು, ಖರ್ಚಿನ ವಿವರದ ಜೊತೆಗೆ. ಸುಲಭವಾಗಿ ತೆಗೆಯಬಹುದಾದ ಬಟ್ಟೆ ಬ್ಯಾನರ್, ಬಾವುಟದಂಥದ್ದು ಒಂದು ವರ್ಗ. ಗೋಡೆ ಬರಹ, ಅಂಟಿಸುವ ಪೋಸ್ಟರ್ ಇನ್ನೊಂದು ವರ್ಗ, ಸ್ಥಳೀಯ ಕಾನೂನು ಒಪ್ಪದ ಕಡೆ ಇವನ್ನು ಮಾಲೀಕರು ಒಪ್ಪಿದರೂ ಹಾಕುವಂತಿಲ್ಲ. ನಮ್ಮ 1981ರ ಕಾಯ್ದೆ ಪಾಲಿಕೆಯ ಲಿಖಿತ ಅನುಮತಿ ಕೇಳುತ್ತದೆ ಅನ್ನೋದನ್ನು ಮೇಲೆ ಹೇಳಿದ್ದೀನಿ. ಹಾಗಾಗಿ "ಪೇಂಟ್ ಮಾಡ್ತೀವಿ, ಚುನಾವಣೆ ಮುಗಿದ ಮೇಲೆ ಸುಣ್ಣ ಹೊಡೆಸಿಕೊಡ್ತೀವಿ" ಅಂದರೆ ಒಪ್ಪಲೇಬೇಡಿ. ಬಟ್ಟೆ ಬ್ಯಾನರ್ ಆದರೆ ಪತ್ರದಲ್ಲಿ ಇಷ್ಟು ಬರೆಯಿರಿ:

"ಇಂಥ ವಿಳಾಸದ ನನ್ನ ಮನೆಯ ಕಾಂಪೌಂಡ್ ಮೇಲೆ ಇಂಥ ಅಳತೆಯ ಒಂದು ಬಟ್ಟೆ ಬ್ಯಾನರ್ ಕಟ್ಟಲು ಇಂಥ ಅಭ್ಯರ್ಥಿಗೆ ಸ್ವಂತ ಇಚ್ಛೆಯಿಂದ ಒಪ್ಪಿಗೆ ಕೊಟ್ಟಿದ್ದೇನೆ. ಪಾಲಿಕೆ ಹಾಗೂ ಚುನಾವಣಾಧಿಕಾರಿಯ ಅನುಮತಿ ಪಡೆಯುವುದು ಅಭ್ಯರ್ಥಿಯ ಹೊಣೆ. ಈ ಒಪ್ಪಿಗೆ ಇಂಥ ದಿನಾಂಕದವರೆಗೆ ಮಾತ್ರ. ಮೊಳೆ ಹೊಡೆಯುವಂತಿಲ್ಲ, ಬಣ್ಣ ಬರೆಯುವಂತಿಲ್ಲ. ಹಣ ಪಡೆದಿಲ್ಲ" ಅಥವಾ "ಇಷ್ಟು ಹಣ ಪಡೆದಿದ್ದೇನೆ."

ಕೊನೆಯ ಸಾಲನ್ನು ಬಿಡಬೇಡಿ, ಅಭ್ಯರ್ಥಿಯ ಖರ್ಚಿನ ಲೆಕ್ಕಕ್ಕೆ ಅದು ಬೇಕು. ದಿನಾಂಕವನ್ನೂ ಬಿಡಬೇಡಿ, ಮತದಾನ ಮುಗಿದ ಮೇಲೆ ಬ್ಯಾನರ್ ಇಳಿಸಲು ಯಾರೂ ಬರೋದಿಲ್ಲ.

ನಿಮ್ಮ ಎದುರಿಗಿರುವ ಶಾಲೆ ಮತಗಟ್ಟೆ ಆಗುತ್ತೆ ಅಲ್ವಾ? ಸಾಮಾನ್ಯವಾಗಿ ಸರ್ಕಾರಿ ಶಾಲೆ ಅಂದಮೇಲೆ ಆಗೇ ಆಗುತ್ತೆ. ಹಾಗಿದ್ದರೆ ಒಂದು ವಿಷಯ ನೆನಪಿರಲಿ. 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 130ನೇ ಸೆಕ್ಷನ್ ಪ್ರಕಾರ ಮತದಾನದ ದಿನ ಮತಗಟ್ಟೆಯಿಂದ 100 ಮೀಟರ್ ಒಳಗೆ ಚುನಾವಣೆಗೆ ಸಂಬಂಧಿಸಿದ ಯಾವ ಫಲಕ, ಚಿಹ್ನೆಯನ್ನೂ ಪ್ರದರ್ಶಿಸುವಂತಿಲ್ಲ, ಅದು ಖಾಸಗಿ ಜಾಗವಾದರೂ. ನಿಮ್ಮ ಗೋಡೆ ಆ ದೂರದೊಳಗೇ ಬರುತ್ತೆ. ಪಾಲಿಕೆ ಚುನಾವಣೆಯಲ್ಲೂ ಅದೇ 100 ಮೀಟರ್ ಲೆಕ್ಕ ಇಟ್ಟುಕೊಳ್ಳಿ. ನಿಮ್ಮಂಥ ಮನೆಯವರು ಎಲ್ಲರಿಗೂ ಬೇಡ ಅನ್ನಲು ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಸ್ನೇಹಿತರಿಗಾಗಿ ನೀವೇ ಬೋರ್ಡ್ ಹಾಕುವ ವಿಷಯ. ಪ್ರೀತಿಯಿಂದ ಮಾಡಲು ಹೊರಟು ಅವರಿಗೇ ತೊಂದರೆ ತರುವ ಸಾಧ್ಯತೆ ಇರುವುದು ಇಲ್ಲಿ. ತಮ್ಮ ಸ್ವಂತ ಆಸ್ತಿ ಮೇಲೆ ಬೆಂಬಲಿಗರು ಸ್ವಇಚ್ಛೆಯಿಂದ ಬಾವುಟ, ಬ್ಯಾನರ್ ಹಾಕಿಕೊಳ್ಳಬಹುದು, ಬೇರೆಯವರಿಗೆ ತೊಂದರೆ ಆಗಬಾರದು, ಸ್ಥಳೀಯ ಕಾನೂನು ಮೀರಬಾರದು. ಆದರೆ ಅದು "ಇಂಥವರಿಗೆ ಮತ ಕೊಡಿ" ಅಂತ ಒಬ್ಬ ಅಭ್ಯರ್ಥಿಗೆ ಮತ ಕೇಳುವ ಬೋರ್ಡ್ ಆದರೆ, ಆ ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದೆ ಅದಕ್ಕೆ ಖರ್ಚು ಮಾಡುವುದೇ ಅಪರಾಧ. ಮೊದಲು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 171 ಎಚ್ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 176ನೇ ಸೆಕ್ಷನ್. ಹತ್ತು ಸಾವಿರ ರೂಪಾಯಿವರೆಗೆ ದಂಡ. ಲಿಖಿತ ಅನುಮತಿ ಕೊಟ್ಟರೆ ಆ ಖರ್ಚು ಅವರ ಲೆಕ್ಕಕ್ಕೆ ಸೇರುತ್ತೆ. ವಿಧಾನಸಭೆಗೆ ನಮ್ಮ ರಾಜ್ಯದಲ್ಲಿ ಒಬ್ಬ ಅಭ್ಯರ್ಥಿ 40 ಲಕ್ಷ ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ, 2022ರಿಂದ ಇರುವ ಮಿತಿ ಇದು. ನೀವು ಎಷ್ಟಕ್ಕೆ ಮಾಡಿಸಿದಿರಿ ಅನ್ನೋದು ಅಧಿಕಾರಿಗಳಿಗೆ ಮುಖ್ಯ ಅಲ್ಲ, ಜಿಲ್ಲಾ ಚುನಾವಣಾಧಿಕಾರಿಗಳ ದರಪಟ್ಟಿ ಇರುತ್ತೆ, ಅದರ ಪ್ರಕಾರ ಲೆಕ್ಕ ಹಾಕುತ್ತಾರೆ. ಪ್ರಿಂಟ್ ಹಾಕಿಸಿದರೆ ಇನ್ನೊಂದು ಷರತ್ತು: ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 127 ಎ ಸೆಕ್ಷನ್ ಪ್ರಕಾರ ಚುನಾವಣಾ ಪೋಸ್ಟರ್ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಹೆಸರಿಲ್ಲದ ಪೋಸ್ಟರನ್ನು ಪ್ರೆಸ್‌ನವರು ಪ್ರಿಂಟ್ ಮಾಡಿಕೊಟ್ಟರೂ ತಗೊಳ್ಳಬೇಡಿ. ಸ್ನೇಹಿತರಿಗೆ ಸಹಾಯ ಮಾಡಬೇಕು ಅನ್ನಿಸಿದರೆ ಮನೆ ಮನೆಗೆ ಅವರ ಜೊತೆ ಹೋಗಿ. ಬೋರ್ಡಿಗಿಂತ ಅದಕ್ಕೇ ಮತ ಬೀಳೋದು.

ಚುನಾವಣೆ ಘೋಷಣೆಗೂ ಮುಂಚೆ ಬರುವ ಬ್ಯಾನರ್‌ಗಳದ್ದು ಇನ್ನೊಂದು ಕಥೆ. ದಸರಾ ಶುಭಾಶಯ, ರಾಜ್ಯೋತ್ಸವ ಶುಭಾಶಯ, ನಾಯಕರ ಹುಟ್ಟುಹಬ್ಬ. ಟಿಕೆಟ್ ಆಸೆ ಇರುವವರ ಫೋಟೋ ದೊಡ್ಡದು, ಶುಭಾಶಯ ಚಿಕ್ಕದು. "ಚುನಾವಣೆ ಬ್ಯಾನರ್‌ಗೆ ತೆರಿಗೆ ಇಲ್ಲ ಸಾರ್" ಅಂತ ಕೆಲವರು ವಾದ ಮಾಡ್ತಾರೆ. ನಿಜ, ಪಾಲಿಕೆ ಕಾಯ್ದೆಯ ಅದೇ 134ನೇ ಸೆಕ್ಷನ್ ಸಾರ್ವಜನಿಕ ಸಭೆ, ಚುನಾವಣೆ, ಉಮೇದುವಾರಿಕೆಯ ಫಲಕಗಳಿಗೆ ತೆರಿಗೆ ಬಿಟ್ಟಿದೆ. ಹಬ್ಬದ ಶುಭಾಶಯ ಈ ಮೂರರಲ್ಲಿ ಯಾವುದೂ ಅಲ್ಲ. ತೆರಿಗೆ ಇಲ್ಲ ಅಂದ ಮಾತ್ರಕ್ಕೆ ಅನುಮತಿಯೂ ಬೇಡ ಅಂತಲೂ ಅಲ್ಲ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗಟ್ಟಿಯಾಗಿ ಹಿಡಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸ್ ಕೆಲವೇ ದಿನದಲ್ಲಿ ಇಳಿದವು. ಕಾಯ್ದೆ ಹಳೆಯದೇ. ಮನಸ್ಸು ಮಾಡಿದರೆ ಆಗುತ್ತೆ ಅಂತ ಆಗ ಎಲ್ಲರೂ ನೋಡಿದರು.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಅನ್ನಿಸಿದರೆ 2024ರ ಜನವರಿಯಲ್ಲಿ ಗದಗ ಜಿಲ್ಲೆಯಲ್ಲಿ ಆದದ್ದು ನೆನಪಿಸಿಕೊಳ್ಳಿ. ನಟರೊಬ್ಬರ ಹುಟ್ಟುಹಬ್ಬಕ್ಕೆ ಬ್ಯಾನರ್ ನಿಲ್ಲಿಸುವಾಗ ಅದು ವಿದ್ಯುತ್ ತಂತಿಗೆ ತಾಗಿ ಮೂವರು ಯುವಕರು ಸತ್ತರು. ರಾಜಕೀಯ ಬ್ಯಾನರ್ ಕಟ್ಟುವವರೂ ಇಂಥದೇ ಹುಡುಗರು, ರಾತ್ರಿ ಹೊತ್ತು, ಆತುರದಲ್ಲಿ, ಕೈಗೆ ಗ್ಲೌಸ್ ಕೂಡ ಇಲ್ಲದೆ. ನಿಮ್ಮ ಕಾಂಪೌಂಡ್ ಪಕ್ಕ ತಂತಿ ಹಾದುಹೋಗಿದ್ದರೆ ಕಬ್ಬಿಣದ ಫ್ರೇಮ್ ಇರುವ ಯಾವುದನ್ನೂ, ಯಾರು ಕೇಳಿದರೂ, ಒಪ್ಪಬೇಡಿ. ಮೂಲೆ ಮನೆ ಅಂದಮೇಲೆ ಟೆರೇಸ್ ಮೇಲೆ ಹೋರ್ಡಿಂಗ್ ನಿಲ್ಲಿಸಿ ತಿಂಗಳಿಗೆ ಬಾಡಿಗೆ ಕೊಡ್ತೀವಿ ಅಂತ ಬರುವವರೂ ಇರುತ್ತಾರೆ. 2024ರ ಮೇ ತಿಂಗಳಲ್ಲಿ ಮುಂಬೈನ ಘಾಟ್‌ಕೋಪರ್‌ನಲ್ಲಿ ಬಿದ್ದ ಹೋರ್ಡಿಂಗ್ 120 ಅಡಿ ಉದ್ದ, 120 ಅಡಿ ಅಗಲ ಇತ್ತು. ಅಲ್ಲಿ 40 ಅಡಿಗಿಂತ ದೊಡ್ಡದಕ್ಕೆ ಪಾಲಿಕೆ ಅನುಮತಿಯೇ ಕೊಡುತ್ತಿರಲಿಲ್ಲ. 17 ಜನ ಹೋದರು. ಪಾಲಿಕೆಯ ಅನುಮತಿ ಪತ್ರ, ಎಂಜಿನಿಯರ್ ಕೊಟ್ಟ ಭದ್ರತೆಯ ಪ್ರಮಾಣಪತ್ರ ಎರಡನ್ನೂ ಕಣ್ಣಾರೆ ನೋಡದೆ ಅಂಥ ಕರಾರಿಗೆ ಸಹಿ ಹಾಕಬೇಡಿ.

ಉಳಿದಿದ್ದು ಬಾಡಿಗೆದಾರರ ಬಾವುಟ. ಪಾಲಿಕೆ ಕಾಯ್ದೆ ಮಾಲೀಕರನ್ನು ಮಾತ್ರ ಅಲ್ಲ, ಅಲ್ಲಿ ವಾಸ ಇರುವವರನ್ನೂ ನೋಡುತ್ತೆ. ಅವರ ಮನೆಯ ಬಾಲ್ಕನಿಯಲ್ಲಿ ತಮ್ಮ ಪಕ್ಷದ ಒಂದು ಬಟ್ಟೆ ಬಾವುಟ ಕಟ್ಟಿಕೊಂಡರೆ ನೀವು ತಡೆಯಲು ಹೋಗಬೇಡಿ, ಅವರ ಅಭಿಪ್ರಾಯ ಅವರದ್ದು. ಚುನಾವಣೆ ಸಮಯದಲ್ಲಿ ಒಂದು ಮನೆಗೆ ಮೂರಕ್ಕಿಂತ ಜಾಸ್ತಿ ಬಾವುಟ ಬೇಡ ಅನ್ನುವುದು ಆಯೋಗದ ಮಿತಿ. ಕಾಂಪೌಂಡ್ ಮಾತ್ರ ನಿಮ್ಮದು, ಅದರ ಮೇಲೆ ಕಟ್ಟಬೇಕಾದರೆ ನಿಮ್ಮನ್ನು ಕೇಳಬೇಕು. ಈ ಎರಡು ಮಾತನ್ನೂ ಈಗಲೇ ಅವರ ಹತ್ತಿರ ಕೂತು ಹೇಳಿಬಿಡಿ, ಹನ್ನೊಂದು ತಿಂಗಳ ಕರಾರು ಮುಂದಿನ ಸಲ ಹೊಸದಾಗಿ ಬರೆಸುವಾಗ ಒಂದು ಸಾಲು ಸೇರಿಸಿ. ಮತದಾನದ ಹಿಂದಿನ ರಾತ್ರಿ ಮಾತ್ರ, ಶಾಲೆ ಎದುರಿಗೇ ಇರುವುದರಿಂದ, ಆ ಬಾವುಟವನ್ನೂ ಒಳಗೆ ತೆಗೆದಿಡಲು ಹೇಳಿ.